ಎಲ್ಲರ ಮಾತು ಕೇಳುವ ಸಂಗು

ಕಾಂತರಾಜ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಅವನು ತಿಪಟೂರು ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ನಟ್ಟು ಬೋಲ್ಟುಗಳ ಹೆಸರನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ. ಹೀಗೆ ಕಂಪ್ಯೂಟರಿನ ಜೊತೆ ಸಲಿಗೆ ಬೆಳೆದು, ಮೊಬೈಲಿನಲ್ಲಿ ಪಾಠ ನೋಡಿ ಪ್ರೋಗ್ರಾಂ ಬರೆಯುವುದನ್ನೂ ಕಲಿತ. ಕಲಿತದ್ದು ತಪ್ಪಲ್ಲ. ಮನೆಯ ಬಾಗಿಲಿಗೆ 'ಕಾಂತರಾಜ್, ಸಾಫ್ಟ್‌ವೇರ್' ಎಂದು ಹಿತ್ತಾಳೆಯ ಫಲಕ ಹೊಡೆಸಿದ್ದು ತಪ್ಪು. ಯಾಕೆಂದರೆ ಉರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಆ ಲೈನ್ ಮನೆ ಅವನದಾಗಿರಲಿಲ್ಲ. ಅವನ ಅತ್ತೆ ಮುನಿನಾರಾಯಣಮ್ಮನದು.

"ಇದ್ರಾಗೆ ನನ್ನೆಸ್ರು ಎಲ್ಲೈತೆ?" ಎಂದು ಅತ್ತೆ ಫಲಕ ನೋಡಿ ಕೇಳಿದ್ದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅಲ್ಲಿಯವರೆಗೆ ಆಕೆ ಅಳಿಯನಿಗೆ ಆಡಿದ ಮಾತುಗಳಲ್ಲಿ ಅದೇ ಉದ್ದವಾದದ್ದು. ಗಣಿಯೊಳಕ್ಕೆ ಇಳಿಯದ ಗಂಡಸನ್ನು ಆಕೆ ಪೂರಾ ಗಂಡಸು ಅಂತ ಒಪ್ಪುತ್ತಿರಲಿಲ್ಲ. ಇಳಿದ ತನ್ನ ಗಂಡ ಮೇಲಕ್ಕೆ ಬಂದಿರಲಿಲ್ಲ. ಎರಡರ ಮಧ್ಯೆ ಕಾಂತರಾಜ್‌ಗೆ ನಿಲ್ಲಲು ಜಾಗವೇ ಇರಲಿಲ್ಲ.

ಈಗ ಸಂಗಿನ ವಿಷಯಕ್ಕೆ ಬರೋಣ. ಆ ನಾಲ್ಕು ಲೈನಿಗೆ ಒಂದು ದಿನ ಬಿಟ್ಟು ಒಂದು ದಿನ ನಲ್ಲಿಯಲ್ಲಿ ನೀರು ಬರುತ್ತಿತ್ತು. ಬರುವುದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ಹೋಗಿರುತ್ತಿತ್ತು. ಅದಕ್ಕೆ ನಿವಾಸಿಗಳ ಸಂಘದವರು ಒಂದು ಸೈರನ್, ಅಲ್ಲಿಯವರ ಬಾಯಲ್ಲಿ ಸಂಗು, ತಂದು, ಮುಚ್ಚಿಹೋದ ಹಳೆಯ ಗಣಿಬಾವಿಯ ಬೇಲಿಯ ಪಕ್ಕ ಇದ್ದ ಕಬ್ಬಿಣದ ಕಂಬದ ಮೇಲೆ ಕೂರಿಸಿದರು. ಎತ್ತರ ಅಂತ ಬೇರೆ ಯಾವುದೂ ಅಲ್ಲಿ ಇರಲಿಲ್ಲ. ಸಂಘದ ರೂಮಿನಲ್ಲಿ ಒಂದು ಹಳೆಯ ಕಂಪ್ಯೂಟರ್. ಗಂಟೆ ನೋಡಿ ಸಂಗು ಊದಿಸುವ ಪ್ರೋಗ್ರಾಂ ಬರೆದವನು ಕಾಂತರಾಜ್. ಕರೆಂಟು ಹೋದರೂ ಊದಲಿ ಎಂದು ದೊಡ್ಡ ಯುಪಿಎಸ್ ಇಟ್ಟವನೂ ಅವನೇ. ಯಾರೂ ಕೈ ಹಾಕದಿರಲಿ ಎಂದು ಬೀಗ ಜಡಿದು, ಇರುವ ಒಂದೇ ಕೀಲಿಯನ್ನು ತನ್ನ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡವನೂ ಅವನೇ.

ಮುನಿನಾರಾಯಣಮ್ಮ ಒಂದೇ ಷರತ್ತು ಹಾಕಿದ್ದಳು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿಗೆ ಒಂದೇ ಉದ್ದನೆಯ ಸಂಗು. ಮೂರು ಎಣಿಸುವಷ್ಟು ಊದಿ, ನಿಂತು, ಮತ್ತೆ ಮೂರು ಎಣಿಸುವಷ್ಟು ಊದಿ, ಹೀಗೆ ತುಂಡು ತುಂಡಾಗಿ ಕೂಗಿದರೆ ಕೆಳಗೆ ಬಂಡೆ ಕುಸಿದಿದೆ ಎಂದು ಅರ್ಥ. ಆಗ ಒಲೆ ಆರಿಸುವುದಕ್ಕೂ ನಿಲ್ಲದೆ ಹೆಂಗಸರು ಗಣಿಯ ಗೇಟಿಗೆ ಓಡುತ್ತಿದ್ದರು.

"ಒಂದೇ ಉದ್ದಕ್ಕೆ ಊದ್ಸು. ತುಂಡು ಮಾಡಬ್ಯಾಡ. ಅದನ್ನ ಇನ್ನೊಂದ್ ಸಲ ಕೇಳೋ ಎದೆ ನಂಗಿಲ್ಲ" ಎಂದಳು ಆಕೆ. ಇದು ಬರೀ ಮಾತಾಗಿರಲಿಲ್ಲ. ಹೋದ ವರ್ಷವೇ ಕೋಲಾರದ ಆಸ್ಪತ್ರೆಯಲ್ಲಿ ಆಕೆಯ ಎದೆಗೆ ಸ್ಟೆಂಟ್ ಹಾಕಿ, ಗಾಬರಿಯಾಗುವಂಥದ್ದು ಏನೂ ಕಿವಿಗೆ ಬೀಳಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು. ಕಾಂತರಾಜ್ ಅತ್ತೆಯ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಹೆಂಡತಿ ಶಶಿರೇಖ ಪಕ್ಕದಲ್ಲೇ ನಿಂತು ನೋಡಿದಳು. ಆ ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅವಳ ಮುಖವೇ ಹೇಳುತ್ತಿತ್ತು.

ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಜನ ಶುರು ಮಾಡಿಕೊಂಡರು. ಶುಕ್ರವಾರ ಪೂಜೆಯ ಹೊತ್ತಿಗೆ ಊದಬೇಡ. ಮೂರನೇ ಲೈನಿಗೆ ಹತ್ತು ನಿಮಿಷ ತಡವಾಗಿ ಊದು. ನಮ್ಮ ಮಗು ಮಲಗಿರುತ್ತೆ, ಮೆಲ್ಲಗೆ ಊದು. ಪ್ರತಿ ಸಲವೂ ಕಾಂತರಾಜ್ ಪ್ರೋಗ್ರಾಂ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ, ಪೆನ್‌ಡ್ರೈವಿನಲ್ಲಿ ಒಯ್ದು ಹಾಕಬೇಕಾಗಿತ್ತು. ಸ್ನಾನಕ್ಕೆ ಕೂತರೂ ಬಚ್ಚಲ ಬಾಗಿಲು ತಟ್ಟಿ ತಿದ್ದುಪಡಿ ಹೇಳುತ್ತಿದ್ದರು.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಪ್ರೋಗ್ರಾಮಿನ ಹೊಟ್ಟೆಯೊಳಗೇ ಇನ್ನೊಂದು ಪುಟ್ಟ ಭಾಷೆಯನ್ನು ಕೂರಿಸುವುದು. ಆಗ ಪ್ರೋಗ್ರಾಂ ಬಿಚ್ಚುವ ಕೆಲಸವೇ ಇಲ್ಲ. ಸಂಜೆ ಅವನು ರೂಮಿನ ಬೀಗ ತೆಗೆದು ಕೂತಾಗ ಬಂದು, ಯಾರಿಗೆ ಏನು ಬೇಕೋ ಅವರವರ ಫೈಲಿನಲ್ಲಿ ಅವರೇ ಎರಡು ಸಾಲು ಬರೆಯುವುದು, ಪ್ರೋಗ್ರಾಂ ಅದನ್ನು ಓದಿಕೊಂಡು ನಡೆಯುವುದು. ಭಾಷೆಯ ಹೆಸರು ಲುವಾ. ಹುಟ್ಟಿದ್ದು ಬ್ರೆಜಿಲ್ ದೇಶದಲ್ಲಿ. ಅದಕ್ಕೆ ಕಾಂತರಾಜ್ 'ಊದು', 'ನಿಲ್ಲಿಸು', 'ಕಾಯಿ' ಎಂದು ಕನ್ನಡದ ಪದಗಳನ್ನು ಕಲಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು 'ಸಂಗು ಊದಿದಾಗ' ಏನು ಮಾಡಬೇಕು, 'ಸಂಗು ನಿಂತಾಗ' ಏನು ಮಾಡಬೇಕು ಎಂದು ಬರೆಯುವ ಅಧಿಕಾರವನ್ನೂ ಕೊಟ್ಟ.

ಸಂಘದ ಸಭೆಯಲ್ಲಿ ಎದ್ದು ನಿಂತು, "ಇಷ್ಟು ದಿನ ನಾನು ಬೇಯಿಸಿ ಬಡಿಸ್ತಾ ಇದ್ದೆ. ಇನ್ನು ಒಲೆಯನ್ನೇ ನಿಮ್ಮ ಕೈಗೆ ಕೊಡ್ತಾ ಇದೀನಿ" ಎಂದ. ಚಪ್ಪಾಳೆ ಬಿತ್ತು. ನೀರಿನ ವಾಲ್ವ್ ತಿರುಗಿಸುವ ಆರುಮುಗಂ ಮಾತ್ರ ಹಿಂದಿನಿಂದ ಕೈಯೆತ್ತಿದ.

"ಎಲ್ರೂ ಬರುದ್ರೆ ಅದು ಯಾರ್ ಮಾತು ಕೇಳ್ತದೆ ಸಾರ್?"

"ಎಲ್ಲರ ಮಾತೂ ಕೇಳುತ್ತೆ."

"ಒಬ್ರು ಊದು ಅಂತಾರೆ, ಒಬ್ರು ಬ್ಯಾಡ ಅಂತಾರೆ. ಆವಾಗ?"

"ಎಲ್ಲರ ಮಾತೂ ಕೇಳುತ್ತೆ ಅಂದ್ನಲ್ಲ" ಎಂದ ಕಾಂತರಾಜ್, ಸ್ವಲ್ಪ ಜೋರಾಗಿ. ಸಭೆ ಅಲ್ಲಿಗೆ ಮುಗಿಯಬೇಕಾಗಿತ್ತು, ಇಲ್ಲವೇ ಅಲ್ಲಿಂದ ಶುರುವಾಗಬೇಕಾಗಿತ್ತು. ಎರಡೂ ಆಗಲಿಲ್ಲ. ಬೋಂಡ ಬಂತು.

ಮೊದಲು ಬರೆದವಳು ಎರಡನೇ ಲೈನಿನ ಲಿಖಿತ. ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಸಂಗಿನ ಒಂದು ನಿಮಿಷದ ಅರಚಾಟದಲ್ಲಿ ಓದಿದ್ದೆಲ್ಲ ಹಾರಿಹೋಗುತ್ತಿತ್ತು. ಅವಳು ಬರೆದದ್ದು ಇಷ್ಟೇ: ಸಂಗು ಊದಿದಾಗ, ಮೂರು ಸೆಕೆಂಡು ಕಾಯಿ, ನಿಲ್ಲಿಸು. ಮಂಗಳವಾರ ಸಂಗು ಮೂರೇ ಸೆಕೆಂಡು ಕೂಗಿ ಸುಮ್ಮನಾಯಿತು. ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಕೇಳಿಸದವರಲ್ಲಿ ಸಂಘದ ಅಧ್ಯಕ್ಷ ವಿಶ್ವನಾಥ್ ಒಬ್ಬರು. ಅವರು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಕಿವಿ ಕೊಂಚ ಮಂದ. ಅವರ ಮನೆಯ ಕೊಡಗಳು ಖಾಲಿ ಉಳಿದವು. ಯಂತ್ರಕ್ಕೆ ಸುಸ್ತಾಗಿದೆ ಎಂದು ಅವರು ತೀರ್ಮಾನಿಸಿ, ಬುಧವಾರ ಸಂಜೆ ರೂಮಿಗೆ ಬಂದು, ಕಾಂತರಾಜ್ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಅಕ್ಷರಕ್ಕೊಂದು ನಿಮಿಷದಂತೆ ತಮ್ಮ ಸಾಲನ್ನು ಒತ್ತಿದರು: ಸಂಗು ನಿಂತಾಗ, ಒಂದು ಸೆಕೆಂಡು ಕಾಯಿ, ಊದು. ಕೆಳಗೆ 'ಅಧ್ಯಕ್ಷರ ಆದೇಶದಂತೆ' ಎಂದೂ ಸೇರಿಸಿದರು.

ಕಾಂತರಾಜ್ ಹೊರಗೆ ಮಾತಾಡುತ್ತಿದ್ದದ್ದು ಬಂಗಾರಪೇಟೆಯವರ ಜೊತೆ. ಅಲ್ಲಿನ ಒಂದು ಬಡಾವಣೆಯವರಿಗೆ ಇವನ ಸಂಗಿನ ಸುದ್ದಿ ಮುಟ್ಟಿ, ಬಂದು ತೋರಿಸಿ ಎಂದು ಕರೆದಿದ್ದರು. ಕರೆ ಬಂದ ಗಳಿಗೆಯಿಂದ ಅವನ ಕಾಲು ನೆಲದ ಮೇಲೆ ಇರಲಿಲ್ಲ. ಗುರುವಾರ ಕಾರ್ಖಾನೆಗೆ ರಜ ಹಾಕಿದ. ಎಲ್ಲರ ಫೈಲುಗಳನ್ನು ಲ್ಯಾಪ್‌ಟಾಪಿಗೆ ಏರಿಸಿಕೊಂಡ. ಒಮ್ಮೆ ಬಿಚ್ಚಿ ನೋಡಿದನೋ ಎಂದು ಕೇಳಬೇಡಿ. ಇಸ್ತ್ರಿ ಮಾಡಿದ ಅಂಗಿ ಹುಡುಕುವುದರಲ್ಲಿ ಬೆಳಿಗ್ಗೆ ಕಳೆದುಹೋಯಿತು.

"ಸಂಗಿನ ಕೆಲಸದ ಮೇಲೆ ಹೋಗಿ ಬರ್ತೀನಿ ಅತ್ತೆ" ಎಂದ ಹೊಸ್ತಿಲಲ್ಲಿ.

ಮುನಿನಾರಾಯಣಮ್ಮ ಮೊರದಲ್ಲಿದ್ದ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

ಬಂಗಾರಪೇಟೆಯಲ್ಲಿ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಹತ್ತು ಹನ್ನೆರಡು ಹಿರಿಯರು ಕೂತಿದ್ದರು. ಕಾಂತರಾಜ್ ಮುಕ್ಕಾಲು ಗಂಟೆ ಮಾತಾಡಿದ. ಬ್ರೆಜಿಲ್ ಬಂತು, ಪ್ರಜಾಪ್ರಭುತ್ವ ಬಂತು, ಒಲೆಯೂ ಬಂತು. ಕೊನೆಗೆ, "ಈಗ ನಮ್ಮ ಉರಿಗಾಂನಲ್ಲಿ ಇವತ್ತು ನಾಲ್ಕೂವರೆಗೆ ಊದೋ ಸಂಗನ್ನ ನೀವು ಇಲ್ಲೇ ಮುಂಚಿತವಾಗಿ ಕೇಳ್ತೀರಿ" ಎಂದು ಸ್ಪೀಕರ್ ಸಿಕ್ಕಿಸಿ ಗುಂಡಿ ಒತ್ತಿದ.

ಕೂ ಎಂದಿತು. ನಿಂತಿತು. ಮತ್ತೆ ಕೂ ಎಂದಿತು. ನಿಂತಿತು. ಮತ್ತೆ ಕೂ.

ಕಾಂತರಾಜ್ ನಗುಮುಖದಲ್ಲೇ ಲ್ಯಾಪ್‌ಟಾಪಿನ ಕಡೆ ಬಗ್ಗಿದ. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕರು ಕೈಯಲ್ಲಿದ್ದ ಕಾಫಿ ಲೋಟವನ್ನು ನೆಲಕ್ಕೆ ಇಟ್ಟು ಎದ್ದು ನಿಂತರು. ಹೆಸರು ಕುಪ್ಪುಸ್ವಾಮಿ. ಗಣಿಯಲ್ಲಿ ಮೂವತ್ತು ವರ್ಷ ದುಡಿದು, ಈಗ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿ ಇದ್ದವರು. ಕೆಳಗೆ ಬಂಡೆ ಕುಸಿದಾಗ ಜನರನ್ನು ಎತ್ತಿ ತರಲು ಇಳಿಯುತ್ತಿದ್ದ ತಂಡದವರು.

"ನಿಲ್ಸು ತಂಬಿ" ಎಂದರು.

ಕಾಂತರಾಜ್ 'ನಿಲ್ಲಿಸು' ಒತ್ತಿದ. ನಿಂತಿತು. ಒಂದು ಸೆಕೆಂಡು ಕಳೆದು ಕೂ ಎಂದಿತು. ಆಗ ಅವನು ಫೈಲುಗಳನ್ನು ಬಿಚ್ಚಿ ನೋಡಿದ. ಒಂದರಲ್ಲಿ ಲಿಖಿತ, ಇನ್ನೊಂದರಲ್ಲಿ ಅಧ್ಯಕ್ಷರ ಆದೇಶ. ಹುಡುಗಿ ನಿಲ್ಲಿಸುತ್ತಾಳೆ, ಅಧ್ಯಕ್ಷರು ಊದಿಸುತ್ತಾರೆ. ಇಬ್ಬರೂ ಸೋಲುವವರಲ್ಲ. ಇವನ ಪ್ರೋಗ್ರಾಂ ಎಲ್ಲರ ಮಾತೂ ಕೇಳುವಂಥದ್ದು.

"ಇದು ಆಪತ್ತಿನ ಸಂಗು" ಎಂದರು ಕುಪ್ಪುಸ್ವಾಮಿ. "ಇದನ್ನ ಅಲ್ಲಿ ಊದುಸ್ತೀಯಾ? ಆ ಕಂಬದ ಮೇಲಿಂದ?"

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಇದೆ ಎಂದು ತೋರಿಸುತ್ತಿತ್ತು. ಅತ್ತೆಯ ಎದೆಯೊಳಗಿನ ಸ್ಟೆಂಟ್ ಕಾಂತರಾಜ್‌ನ ಕಣ್ಣ ಮುಂದೆ ಬಂತು. ಲ್ಯಾಪ್‌ಟಾಪ್ ಮುಚ್ಚುವುದನ್ನೂ ಮರೆತು ಸ್ಕೂಟರಿಗೆ ಓಡಿದ. ಸ್ಕೂಟರ್ ಶುರುವಾದಾಗ ಹಿಂದಿನ ಸೀಟು ಭಾರವಾಯಿತು. ಕುಪ್ಪುಸ್ವಾಮಿ ಪಂಚೆ ಎತ್ತಿ ಕಟ್ಟಿ ಕೂತುಬಿಟ್ಟಿದ್ದರು.

"ನೀವ್ಯಾಕೆ ತಾತ? ಅದು ಸುಳ್ಳು ಸಂಗು."

"ಸುಳ್ಳು ಅಂತ ನೀನ್ ಹೇಳ್ತಾ ಇದೀಯ. ಸಂಗು ಹೇಳಿಲ್ಲ. ನಡಿ."

ರೈಲ್ವೆ ಗೇಟು ಹಾಕಿತ್ತು. ಬಂಗಾರಪೇಟೆಯಲ್ಲಿ ಅರ್ಜೆಂಟ್ ಇರುವವನಿಗೆ ಗೇಟು ತೆಗೆದಿರುವುದನ್ನು ಯಾರೂ ನೋಡಿಲ್ಲ. ಗೂಡ್ಸ್ ಗಾಡಿ ಬಂತು, ನಿಂತಿತು, ಏನೋ ಮರೆತುಬಂದಂತೆ ಹಿಂದಕ್ಕೆ ಹೋಯಿತು. ಕಾಂತರಾಜ್ ಫೋನ್ ತೆಗೆದ. ಶಶಿರೇಖ ಕೆಲಸ ಮಾಡುವ ಕಡೆ ಫೋನನ್ನು ಗೇಟಿನಲ್ಲೇ ಒಪ್ಪಿಸಬೇಕು. ಅವಳದು ಸ್ವಿಚ್ ಆಫ್. ಆರುಮುಗಂ ವಾಲ್ವ್ ತಿರುಗಿಸಲು ಹೋಗುವಾಗ ಫೋನನ್ನು ಗಾಡಿಯ ಡಿಕ್ಕಿಯಲ್ಲಿ ಇಡುವವನು. ಎಂಟು ಸಲ ಹೊಡೆದುಕೊಂಡಿತು, ಎತ್ತಲಿಲ್ಲ. ಅತ್ತೆ ಫೋನ್ ಮುಟ್ಟುವವಳಲ್ಲ. ಉಳಿದವರು ಅಧ್ಯಕ್ಷರು.

"ಸಾರ್, ರೂಮಿನ ಬೀಗ ಒಡೀರಿ" ಎಂದ ಕಾಂತರಾಜ್. "ಒಡೆದು ಕಂಪ್ಯೂಟರಿನ ಹಿಂದಿನ ವೈರೆಲ್ಲ ಕಿತ್ತುಹಾಕಿ. ನಾಲ್ಕೂವರೆ ಒಳಗೆ ಮಾಡಬೇಕು."

"ಬೀಗ ಸಂಘದ ಆಸ್ತಿ" ಎಂದರು ವಿಶ್ವನಾಥ್. "ಒಡೀಬೇಕಾದ್ರೆ ನಿರ್ಣಯ ಆಗಬೇಕು. ಏಳು ಜನ ಸದಸ್ಯರು ಹಾಜರಿರಬೇಕು. ನೀವೇ ಬೈಲಾ ಟೈಪ್ ಮಾಡಿದ್ದು."

"ಸಾರ್, ಒಡೀದೆ ಇದ್ರೆ ಆಪತ್ತಿನ ಸಂಗು ಕೂಗುತ್ತೆ. ತುಂಡು ತುಂಡಾಗಿ."

"ಎಲ್ಲಿ ಕೂಗುತ್ತೆ? ಅದು ನಿಲ್ಲಬಾರದು ಅಂತ ನಾನೇ ನಿನ್ನೆ ಬರೆದಿದೀನಲ್ಲ."

"ನಿಲ್ಲಿಸು ಅಂತ ಇನ್ನೊಬ್ಬರು ಬರೆದಿದಾರೆ ಸಾರ್."

"ಯಾರದು? ಅಧ್ಯಕ್ಷರ ಆದೇಶ ಇದ್ದಾಗ ನಿಲ್ಲಿಸೋದಕ್ಕೆ ಯಾರು ಅವರು?"

ಗೇಟು ಎದ್ದಾಗ ನಾಲ್ಕೂ ಇಪ್ಪತ್ತು. ಆ ಸ್ಕೂಟರ್ ಹುಟ್ಟಿದಾಗಿನಿಂದ ಓಡದ ವೇಗದಲ್ಲಿ ಓಡಿತು. ಹಿಂದಿನಿಂದ ಕುಪ್ಪುಸ್ವಾಮಿ, "ಹಂಪು ಬಂತು, ಎಗರ್ಸು" ಎಂದು ಹುರಿದುಂಬಿಸುತ್ತಿದ್ದರು. ದಾರಿಯಲ್ಲಿ ಒಂದು ಕುರಿಮಂದೆ ಅಡ್ಡ ಬಂತು. ಕುರಿ ಕಾಯುವವನು ಇವರನ್ನು ನೋಡಿ ಮೊದಲು ತಾನು ದಾಟಿಕೊಂಡು, ಆಮೇಲೆ ಕುರಿಗಳನ್ನು ಒಂದೊಂದಾಗಿ ಕರೆದ. ನಾಲ್ಕೂವರೆಗೆ ಇವರು ಇನ್ನೂ ಐದು ಮೈಲಿ ದೂರದಲ್ಲಿ ಇದ್ದರು. ಕಾಂತರಾಜ್ ಗಾಡಿ ನಿಲ್ಲಿಸಿ ಮತ್ತೆ ವಿಶ್ವನಾಥ್‌ಗೆ ಫೋನ್ ಮಾಡಿದ.

ಫೋನಿನೊಳಗಿಂದ ಸಂಗೇ ಮೊದಲು ಮಾತಾಡಿತು. ಕೂ. ಕೂ. ಕೂ.

"ಸಾರ್, ಜನಕ್ಕೆ ಹೇಳಿ. ಅದು ಸುಳ್ಳು ಅಂತ ಕೂಗಿ ಹೇಳಿ."

"ಗೊತ್ತು ಕಾಂತರಾಜ್" ಎಂದರು ವಿಶ್ವನಾಥ್. ಅವರಿಗೆ ಏದುಸಿರು ಬರುತ್ತಿತ್ತು. "ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ. ಓಡ್ತಾ ಇದೀನಿ."

ಇವರು ಲೈನಿಗೆ ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು. ಎಲ್ಲ ನಲ್ಲಿಗಳಲ್ಲೂ ನೀರು ಧಾರಾಳವಾಗಿ ಬೀಳುತ್ತಿತ್ತು. ಎಂದೂ ಬಾರದಷ್ಟು ರಭಸದಲ್ಲಿ ಬಂದ ಆ ನೀರನ್ನು ಕೊಡ ಹಿಡಿದು ಎದುರುಗೊಳ್ಳುವ ಒಬ್ಬ ಹೆಣ್ಣುಮಗಳೂ ಇಲ್ಲದೆ, ಅದು ನಾಚಿಕೊಂಡು ಮೋರಿಗೆ ಹೋಗುತ್ತಿತ್ತು. ಮೇಲೆ ಸಂಗು ಕೂಗುತ್ತಲೇ ಇತ್ತು.

ಕಾಂತರಾಜ್ ರೂಮಿನ ಬೀಗ ತೆಗೆದು ಕೆಂಪು ಗುಂಡಿ ಒತ್ತಿದ. ನಿಂತಿತು. ಕೂಗಿತು. ಮತ್ತೆ ಒತ್ತಿದ. ಏಳನೇ ಸಲ ಒತ್ತುವಾಗ ಕುಪ್ಪುಸ್ವಾಮಿ ಅವನನ್ನು ಪಕ್ಕಕ್ಕೆ ಸರಿಸಿ ಪ್ಲಗ್ಗು ಕಿತ್ತರು. ಸಂಗು ಕೂಗಿತು.

"ಇದು ಹೆಂಗ್ ತಂಬಿ?"

"ಯುಪಿಎಸ್ ತಾತ. ಕರೆಂಟು ಹೋದ್ರೂ ನಿಲ್ಲಬಾರದು ಅಂತ ನಾನೇ..."

"ನೀನೇ ಇರಬೇಕು ಅಂದ್ಕೊಂಡೆ" ಎಂದು ಕುಪ್ಪುಸ್ವಾಮಿ ಕಂಬಕ್ಕೆ ಹೋಗುವ ವೈರನ್ನು ಕೈಗೆ ಸುತ್ತಿಕೊಂಡು ಗೋಡೆಗೆ ಕಾಲು ಕೊಟ್ಟು ಎಳೆದರು. ವೈರು ಬಂತು, ಗೋಡೆಯ ಗಾರೆಯೂ ಸ್ವಲ್ಪ ಬಂತು. ಸಂಗು ಸುಮ್ಮನಾಯಿತು.

ಕಾಂತರಾಜ್ ಮನೆಗೆ ಓಡಿದ. ಅವರೆಕಾಯಿ ಮೊರ ಸಮೇತ ನೆಲದ ಮೇಲೆ ಚೆಲ್ಲಿತ್ತು. ಚಪ್ಪಲಿ ಹೊಸ್ತಿಲಲ್ಲೇ ಇತ್ತು. ಅತ್ತೆ ಇರಲಿಲ್ಲ. ಆಕೆ ಬರಿಗಾಲಲ್ಲಿ ಓಡಿದ್ದಾಳೆ, ಆ ಎದೆ ಇಟ್ಟುಕೊಂಡು ಓಡಿದ್ದಾಳೆ ಎಂದು ತಿಳಿದು ಕಾಂತರಾಜ್‌ಗೆ ಅಳು ಬಂತು. ಅತ್ತುಕೊಂಡೇ ಗಣಿಯ ಗೇಟಿನ ಕಡೆ ಓಡಿದ. ಹಿಂದೆ ಕುಪ್ಪುಸ್ವಾಮಿ.

ಗೇಟಿನ ಮುಂದೆ ಮುನ್ನೂರು ಜನ ಇದ್ದರು. ಬಾವಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು, ಕೆಳಗೆ ಇಳಿಯಲು ಏಣಿಯೂ ಇರಲಿಲ್ಲ, ಇಳಿದವರು ಯಾರೂ ಇರಲಿಲ್ಲ. ಆದರೂ ಹೆಂಗಸರೆಲ್ಲ ಎಡಗಡೆ, ಗಂಡಸರೆಲ್ಲ ಬಲಗಡೆ ಹಳೆಯ ಕ್ರಮದಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ ನಾಲ್ಕು ಜನ ಒದ್ದೆ ಟವಲನ್ನು ತಲೆಗೆ ಸುತ್ತಿ ಇಳಿಯಲು ಸಿದ್ಧರಾಗಿದ್ದರು. ಪೊಲೀಸ್ ಇನ್ಸ್‌ಪೆಕ್ಟರ್ ಜೀಪಿನ ಪಕ್ಕ ನಿಂತು, ಒಂದು ಫೋನಿನಲ್ಲಿ ಅಗ್ನಿಶಾಮಕದವರಿಗೂ ಇನ್ನೊಂದರಲ್ಲಿ ಮೇಲಿನವರಿಗೂ ಮಾತಾಡುತ್ತಿದ್ದರು.

"ಒಳಗೆ ಎಷ್ಟು ಜನ ಇದಾರೆ, ಅದನ್ನ ಹೇಳ್ರೀ" ಎಂದು ಅವರು ವಿಶ್ವನಾಥ್‌ರನ್ನು ಕೇಳುತ್ತಿದ್ದರು.

"ಪಟ್ಟಿ ಆಗ್ತಾ ಇದೆ ಸಾರ್" ಎಂದರು ವಿಶ್ವನಾಥ್.

ಆ ಗೇಟಿಗೆ ಒಂದು ಪದ್ಧತಿ ಇತ್ತು. ಟೈಮ್ ಆಫೀಸಿನವರು ಹೆಸರು ಕರೆಯಬೇಕು. ಮೇಲೆ ಬಂದವನು 'ಬಂದೆ' ಎನ್ನಬೇಕು. ಮೂರು ಸಲ ಕರೆದೂ ಉತ್ತರ ಬಾರದಿದ್ದರೆ ಆ ಹೆಸರನ್ನು ಮತ್ತೆ ಕರೆಯುವುದಿಲ್ಲ. ಪಟ್ಟಿ ಮುಗಿಯದೆ ಯಾರೂ ಕದಲುವಂತಿಲ್ಲ. ಸಂಗು ನಿಂತಿತ್ತು, ಜನ ಮನೆಗೆ ಹೋಗಬಹುದಾಗಿತ್ತು, ಆದರೆ ಪಟ್ಟಿ ಆಗಬೇಕೆಂದು ಹೆಂಗಸರು ಹಟ ಹಿಡಿದರು. ವಿಶ್ವನಾಥ್ ಸಂಘದ ಸದಸ್ಯರ ಪುಸ್ತಕ ತರಿಸಿ, ಮನೆ ನಂಬರಿನ ಪ್ರಕಾರ, ಎದುರಿಗೇ ನಿಂತಿದ್ದವರನ್ನೇ ಒಬ್ಬೊಬ್ಬರಾಗಿ ಕರೆಯತೊಡಗಿದರು. ಎದುರಿಗೇ ನಿಂತಿದ್ದವರು ಒಬ್ಬೊಬ್ಬರಾಗಿ 'ಬಂದೆ' ಎಂದರು. ಲಿಖಿತಳ ಅಪ್ಪ 'ಬಂದೆ' ಎಂದಾಗ ಅವನ ಹೆಂಡತಿ ನಿಜವಾಗಿಯೂ ಕಣ್ಣೊರೆಸಿಕೊಂಡಳು.

"ಹನ್ನೆರಡು, ಆರುಮುಗಂ."

"ಬಂದೆ ಸಾರ್."

"ಹದಿಮೂರು ಬೀಗ ಹಾಕಿದೆ, ಮದುವೆಗೆ ಹೋಗಿದಾರೆ. ಹದಿನೈದು..."

"ಅದಿನಾಕು ಬುಟ್ರಿ."

ಗೇಟಿನ ಸರಳು ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ ಮುನಿನಾರಾಯಣಮ್ಮನ ಮಾತು ಅದು.

ವಿಶ್ವನಾಥ್ ಕನ್ನಡಕ ತೆಗೆದು ಒರೆಸಿದರು. ಹದಿನಾಲ್ಕರ ಯಜಮಾನ ಬಂಗಾರಪೇಟೆಯ ದಾರಿಯಲ್ಲಿ ಇದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಹಾಗೆಂದು ಹೇಳಿದರೆ, ಅವನು ಫೋನ್ ಮಾಡಿ ಎಚ್ಚರಿಸಿದ್ದೂ ತಾವು ಏಳು ಜನ ಸದಸ್ಯರನ್ನು ಕೇಳಿದ್ದೂ ಇನ್ಸ್‌ಪೆಕ್ಟರ್ ಮುಂದೆ ಹೊರಬೀಳುತ್ತದೆ ಎಂಬುದೂ ಗೊತ್ತಿತ್ತು.

"ಅವರ ವಿಷಯ ಆಮೇಲೆ ನೋಡೋಣ ತಾಯಿ" ಎಂದರು.

ಅಷ್ಟು ಸಾಕಾಯಿತು. ಟೈಮ್ ಆಫೀಸಿನ ಮನುಷ್ಯ ಒಂದು ಹೆಸರನ್ನು ಆಮೇಲೆ ನೋಡೋಣ ಎಂದರೆ ಆ ಗೇಟಿನ ಮುಂದೆ ಅದಕ್ಕೆ ಒಂದೇ ಅರ್ಥ.

"ಕಂಬದ ಮೇಲೆ ಸಂಗು ರಿಪೇರಿ ಮಾಡ್ತಾ ಇದ್ರೇನೋ" ಎಂದಿತು ಒಂದು ದನಿ. "ಜಾರಿ ಬೇಲಿಯ ಆ ಕಡೆ ಬಿದ್ದವ್ರೆ" ಎಂದಿತು ಇನ್ನೊಂದು. "ಬೀಳ್ತಾ ವೈರ್ ಇಡ್ಕೊಂಡಿರ್ಬೇಕು, ಅದಕ್ಕೇ ಸಂಗು ಅಂಗೆ ಕೂಗ್ಕಂತು" ಎಂದು ಆರುಮುಗಂ ಶಾಸ್ತ್ರೀಯವಾಗಿ ವಿವರಿಸಿದ. ಮಂಗಳವಾರ ನೀರು ತಪ್ಪಿತೆಂದು ಕಾಂತರಾಜ್‌ನ ಏಳು ತಲೆಮಾರನ್ನು ಬೈದಿದ್ದ ಮೂರನೇ ಲೈನಿನ ಹೆಂಗಸು, ಇಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಬಿಕ್ಕಿದಳು.

ಸರಿಯಾಗಿ ಆ ಹೊತ್ತಿಗೆ ಇಂಥ ಮನುಷ್ಯ ಗುಂಪಿನ ಹಿಂಭಾಗಕ್ಕೆ ಬಂದು ಮುಟ್ಟಿದ. ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಗುಡುಗಿದರು.

"ಈ ಸಂಗು ಕಟ್ಟಿದವನು ಬದುಕಿದ್ರೆ ಇವತ್ತೇ ಕೇಸು ಹಾಕಿ ಒಳಗೆ ಕೂರಿಸ್ತೀನಿ. ಸತ್ತಿದ್ರೆ ಪುಣ್ಯವಂತ."

ಕಾಂತರಾಜ್ ಬಾಯಿ ಮುಚ್ಚಿಕೊಂಡ. ಪುಣ್ಯವಂತನಾಗಿರುವುದು ಎಷ್ಟು ಸುಲಭ ಎಂದು ಅವನಿಗೆ ಆ ಗಳಿಗೆಯಲ್ಲಿ ಅನಿಸಿದ್ದರೆ ತಪ್ಪು ಹುಡುಕಬೇಡಿ. ಸರ್ಕಾರಿ ಕಾರ್ಖಾನೆಯ ನೌಕರನಿಗೆ ಪೊಲೀಸ್ ಕೇಸು ಎಂದರೆ ಸಾವಿಗಿಂತಲೂ ಒಂದು ಮೆಟ್ಟಿಲು ಕೆಟ್ಟದ್ದು.

"ಕರೀರಿ" ಎಂದಳು ಮುನಿನಾರಾಯಣಮ್ಮ.

ವಿಶ್ವನಾಥ್‌ಗೆ ಬೇರೆ ದಾರಿ ಇರಲಿಲ್ಲ. "ಹದಿನಾಲ್ಕು, ಕಾಂತರಾಜ್."

ಕಾಂತರಾಜ್ ತನ್ನ ಮುಂದೆ ನಿಂತಿದ್ದವನ ಬೆನ್ನು ನೋಡುತ್ತ ನಿಂತ.

"ಹದಿನಾಲ್ಕು, ಕಾಂತರಾಜ್" ಎಂದರು ಎರಡನೇ ಸಲ.

"ಹೇಳು ತಂಬಿ" ಎಂದು ಕುಪ್ಪುಸ್ವಾಮಿ ಅವನ ಪಕ್ಕೆಗೆ ತಿವಿದರು. "ಇನ್ನು ಒಂದೇ ಸಲ. ಆಮೇಲೆ ಕರೆಯಲ್ಲ. ಆ ಅಮ್ಮನ್ನ ನೋಡು."

ಕಾಂತರಾಜ್ ತಲೆಗಳ ಸಂದಿಯಿಂದ ನೋಡಿದ. ಅತ್ತೆಯ ಒಂದು ಕೈ ಸರಳನ್ನು ಹಿಡಿದಿತ್ತು, ಇನ್ನೊಂದು ಕೈ ಎದೆಯ ಮೇಲಿತ್ತು. ಕಾಲಿಗೆ ಕಲ್ಲು ತಗುಲಿ ರಕ್ತ ಬಂದಿತ್ತು. ವಿಶ್ವನಾಥ್ ಮೂರನೇ ಸಲಕ್ಕೆ ಬಾಯಿ ತೆರೆದರು. ಆಕೆ ಕೈಯೆತ್ತಿ ಅವರನ್ನು ತಡೆದು, ಗೇಟಿನ ಒಳಕ್ಕೆ, ಆ ಮುಚ್ಚಿದ ಬಾವಿಯ ಕಡೆಗೆ ಮುಖ ಮಾಡಿ, ತಾನೇ ಕರೆದಳು.

"ಕಾಂತರಾಜು."

ಹದಿನೆಂಟು ವರ್ಷದಲ್ಲಿ ಅತ್ತೆ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಬಂದೆ ಅತ್ತೆ" ಎಂದ ಕಾಂತರಾಜ್. ಹೇಳಬೇಕೋ ಬೇಡವೋ ಎಂದು ಯೋಚಿಸುವುದಕ್ಕೆ ಮೊದಲೇ ಹೇಳಿಯಾಗಿತ್ತು.

ಮುನ್ನೂರು ತಲೆ ಹಿಂದಕ್ಕೆ ತಿರುಗಿದವು. ಎರಡು ಗಳಿಗೆ ಎಲ್ಲರಿಗೂ ಸಂತೋಷವಾಗಿತ್ತು ಎಂದು ಹೇಳಬೇಕು. ಅವನು ಗುಂಪಿನ ನಡುವೆ ನುಗ್ಗಿ ಮುಂದೆ ಬರುತ್ತ, ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತ ಬಂದ. ಊದಿದಾಗ ಏನು, ನಿಂತಾಗ ಏನು, ಯಾರು ಯಾವ ಸಾಲು ಬರೆದರು, ಮಾತು ಕೊಟ್ಟ ತಾನು ಯಾಕೆ ಒಂದನ್ನೂ ಓದಿ ನೋಡಲಿಲ್ಲ. ಸಂತೋಷ ಅಲ್ಲಿಗೆ ಮುಗಿಯಿತು. ಮೊದಲನೇ ಲೈನು ಎರಡನೇ ಲೈನಿನ ಮೇಲೆ ಬಿತ್ತು. ಲಿಖಿತ ತನ್ನ ಸಾಲಿನಲ್ಲಿ ತಪ್ಪಿಲ್ಲ, ಅಧ್ಯಕ್ಷರದೇ ತಪ್ಪು ಎಂದು ಬಿಡಿಸಿ ಹೇಳಿದಳು. ಅಧ್ಯಕ್ಷರು ಪುಸ್ತಕ ಮುಚ್ಚಿದರು. ನೀರು ನಿಲ್ಲುವ ಹೊತ್ತಾಯಿತು ಎಂದು ಆರುಮುಗಂ ಮೆಲ್ಲಗೆ ನೆನಪಿಸಿದಾಗ ಎಲ್ಲರೂ ಸೇರಿ ಕಾಂತರಾಜ್ ಮೇಲೆ ಬಿದ್ದರು. ಇನ್ಸ್‌ಪೆಕ್ಟರ್ ಅವನ ಅಂಗಿಯ ಕಾಲರ್ ಹಿಡಿದರು.

"ಬುಡಿ ಸ್ವಾಮಿ" ಎಂದಳು ಮುನಿನಾರಾಯಣಮ್ಮ.

"ಕೇಸು ಹಾಕಬೇಕಮ್ಮ. ಸುಮ್ನೆ ಬಿಡೋಕಾಗಲ್ಲ."

"ನಾಳಿಕ್ಕೆ ಆಕ್ಕೊಳಿ. ನಾನೇ ಠಾಣೆತಾಕೆ ಕರ್ಕೊಂಡ್ ಬತ್ತೀನಿ. ಇವತ್ತು ಬುಡಿ."

ಆ ದನಿಗೆ ಇನ್ಸ್‌ಪೆಕ್ಟರ್ ಕೈ ಸಡಿಲಾಯಿತು. ಆಕೆ ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತೋಳು ಮುಟ್ಟಿದಳು, ಹೆಗಲು ಮುಟ್ಟಿದಳು, ಎಲ್ಲವೂ ಇದೆಯೇ ಎಂದು ನೋಡುವವಳಂತೆ ಮುಖವನ್ನೂ ಒಮ್ಮೆ ತಡವಿದಳು. ಕಾಂತರಾಜ್ ಕಪಾಳಕ್ಕೆ ಬೀಳುವ ಏಟಿಗೆ ಕಣ್ಣು ಮುಚ್ಚಿಕೊಂಡು ಕಾದ. ಏಟು ಬೀಳಲಿಲ್ಲ. ಆಕೆ ಅವನ ಮಣಿಕಟ್ಟು ಹಿಡಿದುಕೊಂಡಳು.

"ತಪ್ಪಾಯ್ತು ಅತ್ತೆ" ಎಂದ ಅವನು.

"ಈ ಗೇಟಿಂದ ಮನೆಗೆ ಕರ್ಕೊಂಡೋಗಾಕೆ ಒಬ್ರಾದ್ರೂ ಸಿಕ್ಕುದ್ರಲ್ಲ" ಎಂದಳು ಮುನಿನಾರಾಯಣಮ್ಮ. "ನಡಿ."